ಜಿಮ್‌ಗೆ ಹೋಗಲು ಶುರುಮಾಡಿದ ಮೇಲೆ ಸುಸ್ತು ಹೆಚ್ಚಾಗಿದೆಯೇ? ಕಾರಣ ಹುಡುಕಿ ಸರಿಪಡಿಸುವ ಕ್ರಮ ಹೀಗಿದೆ

ವ್ಯಾಯಾಮ ಮುಗಿಸಿದ ಮೇಲೆ ಒಂದೆರಡು ಗಂಟೆ ದಣಿವಾಗುವುದು ಸಹಜ. ಮರುದಿನ ಅಥವಾ ಮೂರನೆಯ ದಿನ ತೊಡೆ, ತೋಳು ಹಿಡಿದುಕೊಂಡಂತಾಗುವುದೂ ಸಹಜವೇ. ಈ ಬರಹ ಆ ದಣಿವಿನ ಬಗ್ಗೆ ಅಲ್ಲ. ವಾರಗಟ್ಟಲೆ ತಪ್ಪದೆ ಜಿಮ್‌ಗೆ ಹೋಗುತ್ತಿದ್ದರೂ ಚುರುಕಾಗಬೇಕಿದ್ದ ಮೈ ದಿನದಿಂದ ದಿನಕ್ಕೆ ಭಾರವಾಗುತ್ತಿದೆಯೇ? ಬೆಳಿಗ್ಗೆ ಹಾಸಿಗೆ ಬಿಟ್ಟೇಳುವುದೇ ಕಷ್ಟವಾಗಿದೆಯೇ? ಮಧ್ಯಾಹ್ನಕ್ಕೆ ಕಣ್ಣು ಎಳೆಯುತ್ತದೆಯೇ? ಕಳೆದ ತಿಂಗಳು ಸುಲಭವಾಗಿ ಎತ್ತುತ್ತಿದ್ದ ಭಾರ ಈಗ ಮೇಲೇಳುತ್ತಿಲ್ಲವೇ? ಹಾಗಿದ್ದರೆ ಮುಂದೆ ಓದಿ.

ಈ ಸುಸ್ತನ್ನು ಕಳೆದುಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲ ದಿನವೇ ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಕೆಫೀನ್ ಪಾನೀಯ, ಹೊಸ ವೇಳಾಪಟ್ಟಿ ಎಲ್ಲವನ್ನೂ ಒಟ್ಟಿಗೆ ತಂದುಕೊಳ್ಳುತ್ತಾರೆ. ಎರಡು ವಾರದ ನಂತರ ಸುಸ್ತು ಇದ್ದಲ್ಲಿಯೇ ಇರುತ್ತದೆ. ಕಡಿಮೆಯಾಗಿದ್ದರೂ ಯಾವುದರಿಂದ ಕಡಿಮೆಯಾಯಿತೆಂದು ಹೇಳಲಾಗುವುದಿಲ್ಲ. ಸರಿಯಾದ ಕ್ರಮ ಬೇರೆ: ಮೊದಲು ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಅಳೆಯಬೇಕು, ಆಮೇಲೆ ಹೊರೆ ಇಳಿಸಬೇಕು. ಹೊಸದಾಗಿ ಏನನ್ನಾದರೂ ಸೇರಿಸುವುದು ಇವೆಲ್ಲ ಆದ ಮೇಲೆ. ಕೆಳಗಿನ ಹಂತಗಳನ್ನು ಅದಲುಬದಲು ಮಾಡಬೇಡಿ. ಇಡೀ ಕೆಲಸಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ.

## ಬೇಕಾದ ಸಾಮಗ್ರಿ

ಒಂದು ನೋಟ್‌ಬುಕ್, ಸೆಕೆಂಡ್ ತೋರಿಸುವ ಗಡಿಯಾರ, ದೇಹದ ತೂಕ ನೋಡುವ ಯಂತ್ರ, ಮೂರು ದಿನದ ಮಟ್ಟಿಗೆ ಅಡುಗೆಮನೆಯ ತಕ್ಕಡಿ. ಇಷ್ಟು ಸಾಕು. ಸ್ಮಾರ್ಟ್‌ವಾಚ್ ಇದ್ದರೆ ನಾಡಿಬಡಿತಕ್ಕೂ ಮಲಗಿದ ಹೊತ್ತಿಗೂ ಬಳಸಿ. ಅದು ಕೊಡುವ ‘ಚೇತರಿಕೆಯ ಅಂಕ’ ಒಂದು ಅಂದಾಜು ಮಾತ್ರ, ಅದನ್ನು ನಂಬಿ ನಿರ್ಧಾರ ಮಾಡಬೇಡಿ.

## ಹಂತ 1: ಅಪಾಯದ ಲಕ್ಷಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಿ

ಇದನ್ನು ದಾಟಿ ಮುಂದೆ ಹೋಗಬೇಡಿ. ಕೆಳಗಿನ ಯಾವುದಾದರೂ ಒಂದು ಇದ್ದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದವು. ವ್ಯಾಯಾಮದ ವೇಳೆ ಎದೆನೋವು ಅಥವಾ ಎದೆ ಹಿಂಡಿದಂತಾಗುವುದು, ಆ ನೋವು ತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ಪ್ರಜ್ಞೆ ತಪ್ಪುವುದು, ಎದೆಬಡಿತ ಲಯ ತಪ್ಪಿ ಓಡುವುದು, ಮಾಡಿದ ಕೆಲಸಕ್ಕೆ ಹೊಂದದಷ್ಟು ಏದುಸಿರು. ಇವು ಬಂದರೆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ.

ಇನ್ನೊಂದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜಿಮ್‌ಗೆ ಹೋಗುವವರಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ವ್ಯಾಯಾಮದ ಮಾರನೆಯ ದಿನವೋ ಎರಡು ಮೂರು ದಿನದಲ್ಲೋ ಸ್ನಾಯುಗಳು ಊದಿಕೊಂಡು ಸಹಿಸಲಾಗದ ನೋವು ಬಂದರೆ, ಕೈಕಾಲು ಮಡಿಸಲಾಗದಷ್ಟು ನಿಶ್ಶಕ್ತಿಯಾದರೆ, ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಅದು ರ‍್ಯಾಬ್ಡೊಮಯೊಲಿಸಿಸ್ ಇರಬಹುದು. ಸ್ನಾಯುವಿನ ಎಳೆಗಳು ಒಡೆದು ಅವುಗಳೊಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಸ್ಥಿತಿ ಇದು. ಬಹಳ ದಿನದ ನಂತರ ಜಿಮ್‌ಗೆ ಮರಳಿದವರು, ಹೊಸಬರು, ಸೆಕೆಯಲ್ಲಿ ನೂರಾರು ಬಸ್ಕಿ ಹೊಡೆದವರು ಎಚ್ಚರವಾಗಿರಬೇಕು. ‘ಮೈಕೈ ನೋವು ತಾನೇ, ಇಳಿಯುತ್ತದೆ’ ಎಂದು ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆ ವಾರದೊಳಗೆ ವೈದ್ಯರನ್ನು ಕಾಣಬೇಕಾದವು. ಪ್ರಯತ್ನಪಡದೆ ತೂಕ ಇಳಿಯುವುದು, ರಾತ್ರಿ ಮೈ ತೊಯ್ಯುವಷ್ಟು ಬೆವರು, ಅತಿಯಾದ ಬಾಯಾರಿಕೆ ಮತ್ತು ಪದೇಪದೇ ಮೂತ್ರ, ಕಪ್ಪು ಮಲ, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ ಅಥವಾ ಮೂರು ತಿಂಗಳು ಮುಟ್ಟು ನಿಂತಿರುವುದು. ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಎರಡು ವಾರಗಳಿಂದ ಮನಸ್ಸಿಲ್ಲದಿದ್ದರೆ ಅದನ್ನೂ ಇದೇ ಸಾಲಿಗೆ ಸೇರಿಸಿ. ಖಿನ್ನತೆ ಎಷ್ಟೋ ಜನರಲ್ಲಿ ಮೊದಲು ದೇಹದ ಸುಸ್ತಾಗಿಯೇ ತೋರುತ್ತದೆ.

ಜ್ವರವಿದ್ದಾಗ ವ್ಯಾಯಾಮ ಬೇಡವೇ ಬೇಡ. ಕೆಲವು ವೈರಾಣು ಸೋಂಕುಗಳು ಹೃದಯದ ಸ್ನಾಯುವಿಗೂ ತಗಲಬಲ್ಲವು, ಆಗ ಶ್ರಮ ಅಪಾಯಕಾರಿ. ದಿನವೂ ಔಷಧಿ ತೆಗೆದುಕೊಳ್ಳುವವರು ಅದರ ಬಗ್ಗೆಯೂ ವಿಚಾರಿಸಿ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್, ಅಲರ್ಜಿಯ ಕೆಲವು ಮಾತ್ರೆಗಳು ಸುಸ್ತು ತರಬಹುದು, ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಸ್ನಾಯುನೋವು ತರಬಹುದು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

## ಹಂತ 2: ಏನನ್ನೂ ಬದಲಿಸದೆ ಒಂದು ವಾರ ಬರೆದಿಡಿ

ಈ ವಾರ ಎಂದಿನಂತೆಯೇ ತಿನ್ನಿ, ಮಲಗಿ, ಜಿಮ್‌ಗೆ ಹೋಗಿ. ಬರೆಯುವುದಷ್ಟೇ ಹೊಸ ಕೆಲಸ.

ಬೆಳಿಗ್ಗೆ ಎಚ್ಚರವಾದ ಕೂಡಲೇ, ಏಳುವ ಮೊದಲು, ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ನಂತರ ಮೂತ್ರಕ್ಕೆ ಹೋಗಿ ಬಂದು ತೂಕ ನೋಡಿ. ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಇವತ್ತು ವ್ಯಾಯಾಮ ಮಾಡುವ ಹುಮ್ಮಸ್ಸು 1ರಿಂದ 5ರಲ್ಲಿ ಎಷ್ಟು ಎಂದು ಬರೆಯಿರಿ.

ಜಿಮ್‌ನಲ್ಲಿ ಪ್ರತಿ ಸೆಟ್‌ನ ಭಾರ, ಎಷ್ಟು ಸಲ ಎತ್ತಿದಿರಿ, ನಿಲ್ಲಿಸಿದಾಗ ಇನ್ನೂ ಎಷ್ಟು ಸಲ ಎತ್ತಬಹುದಿತ್ತು ಎಂಬ ಮೂರನ್ನು ಗುರುತು ಹಾಕಿ. ಮುಗಿಸಿದ ಅರ್ಧ ಗಂಟೆಗೆ ಇಡೀ ವ್ಯಾಯಾಮ ಎಷ್ಟು ಕಠಿಣವಾಗಿತ್ತೆಂದು 0ಯಿಂದ 10ರಲ್ಲಿ ಅಂಕ ಕೊಟ್ಟು, ಅದನ್ನು ನಿಮಿಷಗಳಿಂದ ಗುಣಿಸಿ. 60 ನಿಮಿಷದ ವ್ಯಾಯಾಮಕ್ಕೆ 7 ಅಂಕವಾದರೆ ಆ ದಿನದ ಹೊರೆ 420. ವಾರದ ಹೊರೆಗಳನ್ನು ಕೂಡಿಸಿಡಿ, ಮುಂದೆ ಬೇಕಾಗುತ್ತದೆ. ಕ್ರೀಡಾ ತರಬೇತುದಾರರೂ ಬಳಸುವ ವಿಧಾನವಿದು, ಯಾವ ಉಪಕರಣವೂ ಬೇಡ.

ಮೂರು ದಿನ, ಅದರಲ್ಲಿ ಒಂದು ರಜಾದಿನವಿರಲಿ, ತಿಂದದ್ದನ್ನೆಲ್ಲ ತೂಗಿ ಬರೆಯಿರಿ. ಕಾಫಿ, ಚಹಾ ಕುಡಿದ ಗಂಟೆಯನ್ನೂ ಬರೆಯಿರಿ. ದಿನವಿಡೀ ನಿಂತು ಮಾಡುವ ಉದ್ಯೋಗ, ಮಗುವಿಗಾಗಿ ಎದ್ದಿದ್ದ ರಾತ್ರಿ, ಪರೀಕ್ಷೆ ಇವೂ ದೇಹಕ್ಕೆ ಹೊರೆಯೇ, ಅವುಗಳಿಗೂ ಒಂದು ಸಾಲು ಕೊಡಿ.

ಇಲ್ಲಿ ಆಗುವ ತಪ್ಪು: ಬರೆಯಬೇಕೆಂಬ ಕಾರಣಕ್ಕೇ ಆ ವಾರ ಚೆನ್ನಾಗಿ ತಿನ್ನತೊಡಗುವುದು. ಆಗ ನಿಮ್ಮ ನಿಜವಾದ ಸ್ಥಿತಿ ಪುಸ್ತಕಕ್ಕೆ ಬರುವುದಿಲ್ಲ. ಇನ್ನೊಂದು, ರಾತ್ರಿ ಮಲಗುವಾಗ ಎಲ್ಲವನ್ನೂ ನೆನಪಿನಿಂದ ಬರೆಯುವುದು. ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು ಆ ಹೊತ್ತಿಗೆ ಮರೆತೇ ಹೋಗಿರುತ್ತದೆ.

## ಹಂತ 3: ಸುಸ್ತು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ನೋಡಿ

ವಾರದ ಪುಟಗಳನ್ನು ಒಟ್ಟಿಗೆ ಹರಡಿಕೊಂಡು ಓದಿ.

ವ್ಯಾಯಾಮದ ನಡುವೆಯೇ ಕೈಕಾಲು ಸೋತು, ತಿಂದ ಮೇಲೆ ಸರಿಹೋದರೆ ಆಹಾರ ಅಥವಾ ಅದರ ಹೊತ್ತು ತಪ್ಪಿದೆ. ಜಿಮ್‌ನಲ್ಲಿ ಪರವಾಗಿಲ್ಲ, ಆದರೆ ಕುಳಿತ ಕೂಡಲೇ ತೂಕಡಿಕೆ ಬರುತ್ತದೆ ಎಂದಾದರೆ ನಿದ್ದೆಯ ಕಡೆ ನೋಡಿ. ಮೊದಲ ಸೆಟ್ಟೇ ಭಾರ, ಬೆಳಗಿನ ನಾಡಿ ನಿಮ್ಮ ಎಂದಿನ ಮಟ್ಟಕ್ಕಿಂತ 5ರಿಂದ 10 ಬಡಿತ ಮೇಲಕ್ಕೇರಿ ಮೂರು ನಾಲ್ಕು ದಿನ ಅಲ್ಲೇ ನಿಂತಿದೆ, ದಣಿದಿದ್ದರೂ ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಎಂದಾದರೆ ವ್ಯಾಯಾಮದ ಹೊರೆಯೇ ಹೆಚ್ಚಾಗಿರುವ ಸಾಧ್ಯತೆ ಹೆಚ್ಚು. ಊಟ, ನಿದ್ದೆ, ಹೊರೆ ಮೂರೂ ಸರಿಯಾಗಿದ್ದು ಮೆಟ್ಟಿಲು ಹತ್ತಿದರೂ ಉಸಿರು ಕಟ್ಟಿದರೆ ಮುಂದಿನ ಹಂತಗಳಿಗೆ ಕಾಯದೆ ನೇರವಾಗಿ ಹಂತ 8ಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಿ.

ಒಂದಕ್ಕಿಂತ ಹೆಚ್ಚು ಕಾರಣ ಕಾಣುವುದು ಅಪರೂಪವಲ್ಲ. ಎಲ್ಲಕ್ಕಿಂತ ಕೆಟ್ಟದಾಗಿರುವುದನ್ನು ಮೊದಲು ಹಿಡಿಯಿರಿ, ಅದಕ್ಕೆ ಎರಡು ವಾರ ಕೊಡಿ, ಆಮೇಲೆ ಮುಂದಿನದು. ಆದರೆ ಹಂತ 4 ಎಲ್ಲರಿಗೂ ಕಡ್ಡಾಯ.

## ಹಂತ 4: ಒಂದು ವಾರ ಹೊರೆ ಇಳಿಸಿ

ವ್ಯಾಯಾಮ ಮಾಡುವಾಗ ದೇಹ ಬಲಗೊಳ್ಳುವುದಿಲ್ಲ. ಮಾಡಿ ಮುಗಿಸಿದ ನಂತರದ ಒಂದೆರಡು ದಿನಗಳಲ್ಲಿ ಸ್ನಾಯು ದುರಸ್ತಿಯಾಗುತ್ತದೆ, ಖರ್ಚಾದ ಇಂಧನ ತುಂಬುತ್ತದೆ. ಆ ಕೆಲಸ ಮುಗಿಯುವ ಮೊದಲೇ ಅದೇ ಸ್ನಾಯುವಿಗೆ ಮತ್ತೆ ಪೆಟ್ಟು ಕೊಡುತ್ತಾ ಹೋದರೆ ಬಾಕಿ ಏರುತ್ತದೆ. ಈ ವಾರ ಆ ಬಾಕಿಯನ್ನು ತೀರಿಸುವುದಕ್ಕೆ.

ಜಿಮ್‌ಗೆ ಹೋಗುವ ದಿನಗಳನ್ನು ಹಾಗೆಯೇ ಇಟ್ಟುಕೊಳ್ಳಿ. ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಭಾರವನ್ನು ಶೇಕಡಾ 10ರಿಂದ 20ರಷ್ಟು ತಗ್ಗಿಸಿ, ಇನ್ನೂ ನಾಲ್ಕೈದು ಸಲ ಎತ್ತಬಹುದು ಎನ್ನುವಾಗಲೇ ನಿಲ್ಲಿಸಿ. ಏದುಸಿರು ಬರಿಸುವ ಓಟ, ಇಂಟರ್ವಲ್ ತರಬೇತಿ (ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ಮಾಡುವುದು) ಈ ವಾರ ಇಲ್ಲ. ದಿನಕ್ಕೆ 20ರಿಂದ 30 ನಿಮಿಷ ಆರಾಮದ ನಡಿಗೆ ಇರಲಿ. ತೀರಾ ಬಳಲಿದವರು ಜಿಮ್ಮನ್ನು ಪೂರ್ತಿ ಬಿಟ್ಟು ನಡಿಗೆಯಷ್ಟನ್ನೇ ಮಾಡಿದರೂ ನಷ್ಟವಿಲ್ಲ. ಒಂದು ವಾರದಲ್ಲಿ ಸ್ನಾಯುವಿನ ಬಲ ಕರಗುವುದಿಲ್ಲ. ಎಷ್ಟೋ ಜನ ಈ ಭಯದಿಂದಲೇ ತಿಂಗಳುಗಟ್ಟಲೆ ಸುಸ್ತನ್ನು ಹೊತ್ತು ತಿರುಗುತ್ತಾರೆ, ಅದನ್ನು ನೋಡಿದರೆ ಬೇಸರವಾಗುತ್ತದೆ.

ಮೂರು ತಪ್ಪುಗಳು ಈ ವಾರವನ್ನು ಹಾಳುಮಾಡುತ್ತವೆ. ಮೊದಲನೆಯದು, ‘ವ್ಯಾಯಾಮ ಕಡಿಮೆ, ಊಟವೂ ಕಡಿಮೆ ಇರಲಿ’ ಎಂದು ತಟ್ಟೆಗೆ ಕಡಿಮೆ ಬಡಿಸಿಕೊಳ್ಳುವುದು. ದುರಸ್ತಿಗೆ ಸಾಮಗ್ರಿ ಬೇಕಾದದ್ದೇ ಈಗ, ಊಟ ಇಳಿಸಬೇಡಿ. ಎರಡನೆಯದು, ಸಿಕ್ಕ ಬಿಡುವಿನಲ್ಲಿ ದೂರದ ಓಟ, ಮನೆಯ ದೊಡ್ಡ ಕೆಲಸಗಳನ್ನು ತುಂಬುವುದು. ಮೂರನೆಯದು, ಮೂರನೆಯ ದಿನ ಮೈ ಹಗುರವಾಯಿತೆಂದು ಹಳೆಯ ಭಾರಕ್ಕೆ ಓಡುವುದು.

ವಾರದ ಕೊನೆಗೆ ನಾಡಿ ಇಳಿದು ಹುಮ್ಮಸ್ಸು ಮರಳಿದರೆ ಹೊರೆ ಹೆಚ್ಚಾಗಿತ್ತೆಂದು ಅರ್ಥ. ಸ್ವಲ್ಪ ಮಾತ್ರ ಸುಧಾರಿಸಿದರೆ ಇನ್ನೊಂದು ವಾರ ಮುಂದುವರಿಸಿ. ಏನೂ ಬದಲಾಗದಿದ್ದರೆ ಕಾರಣ ಊಟದಲ್ಲೋ ನಿದ್ದೆಯಲ್ಲೋ ರಕ್ತದಲ್ಲೋ ಇದೆ. ವಾರ, ತಿಂಗಳು ವಿಶ್ರಾಂತಿ ಪಡೆದರೂ ಚೇತರಿಸಿಕೊಳ್ಳದ ‘ಅತಿತರಬೇತಿ’ ಎಂಬ ಸ್ಥಿತಿ ಇದೆ, ಆದರೆ ವಾರಕ್ಕೆ ನಾಲ್ಕೈದು ಗಂಟೆ ಜಿಮ್‌ಗೆ ಹೋಗುವವರಲ್ಲಿ ಅದು ವಿರಳ. ಬೇರೆ ಕಾರಣಗಳೆಲ್ಲ ಇಲ್ಲವೆಂದಾದ ಮೇಲೆ ವೈದ್ಯರು ಹೇಳಬೇಕಾದ ಹೆಸರು ಅದು.

## ಹಂತ 5: ಸಾಕಷ್ಟು ತಿನ್ನುತ್ತಿದ್ದೀರಾ ಎಂದು ಲೆಕ್ಕ ಹಾಕಿ

ನನ್ನ ಪ್ರಕಾರ ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಜಿಮ್ ಸೇರಿದ ದಿನವೇ ಊಟ ಇಳಿಸುವವರು ಬಹಳ. ಖರ್ಚು ಏರಿತು, ಆದಾಯ ಇಳಿಯಿತು, ಮೈ ತನ್ನ ಕೆಲಸಗಳನ್ನು ಒಂದೊಂದಾಗಿ ನಿಧಾನಗೊಳಿಸುತ್ತದೆ.

5.1 ತೂಕದ ವೇಗ ನೋಡಿ. ವಾರಕ್ಕೆ ದೇಹತೂಕದ ಶೇಕಡಾ 1ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ (65 ಕಿಲೊ ಇರುವವರಿಗೆ 650 ಗ್ರಾಂ) ಕೊರತೆ ಅತಿಯಾಗಿದೆ. ತೂಕ ಇಳಿಸುವುದು ಗುರಿಯಾಗಿದ್ದರೂ ಅದರ ಅರ್ಧ ವೇಗ ಸಾಕು. ದಿನಕ್ಕೆ 200ರಿಂದ 300 ಕ್ಯಾಲರಿ ಸೇರಿಸಿ ಎರಡು ವಾರ ನೋಡಿ. ತೂಕ ಇಳಿಯದೆಯೂ ಕೊರತೆ ಇರಬಹುದು. ಯಾವಾಗಲೂ ಚಳಿ, ಪದೇಪದೇ ನೆಗಡಿ, ಲೈಂಗಿಕ ಆಸಕ್ತಿ ಕುಗ್ಗುವುದು, ಮುಟ್ಟು ಏರುಪೇರಾಗುವುದು, ಚಿಕ್ಕ ಒತ್ತಡಕ್ಕೂ ಮೂಳೆ ಬಿರುಕು ಬಿಡುವುದು ಇವು ದೇಹ ಉಳಿತಾಯಕ್ಕೆ ಇಳಿದಿರುವ ಲಕ್ಷಣಗಳು. ಇಂಥವು ಕಂಡರೆ ತೂಕ ಇಳಿಸುವ ಗುರಿಯನ್ನು ಈಗಲೇ ಕೈಬಿಟ್ಟು ವೈದ್ಯರನ್ನು ಕಾಣಿ.

5.2 ಕಾರ್ಬೋಹೈಡ್ರೇಟ್ ಎಣಿಸಿ. ಭಾರ ಎತ್ತಲು, ವೇಗವಾಗಿ ಓಡಲು ಸ್ನಾಯು ಬಳಸುವ ಮುಖ್ಯ ಇಂಧನ ಗ್ಲೈಕೋಜನ್. ಅದು ತಯಾರಾಗುವುದು ಕಾರ್ಬೋಹೈಡ್ರೇಟ್‌ನಿಂದ. ವಾರಕ್ಕೆ ಮೂರು ನಾಲ್ಕು ದಿನ ಜಿಮ್‌ಗೆ ಹೋಗುವವರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 3ರಿಂದ 5 ಗ್ರಾಂ ಬೇಕು. 65 ಕಿಲೊ ಇದ್ದರೆ 195ರಿಂದ 325 ಗ್ರಾಂ. ಇಲ್ಲಿ ಲೆಕ್ಕ ತಪ್ಪುವುದು ಸುಲಭ. 100 ಗ್ರಾಂ ಬೇಯಿಸದ ಧಾನ್ಯದಲ್ಲಿ ಸುಮಾರು 70ರಿಂದ 80 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಬೆಂದ ಅನ್ನದಲ್ಲಿ ನೀರು ಸೇರಿರುವುದರಿಂದ 100 ಗ್ರಾಂಗೆ 28 ಗ್ರಾಂ ಆಸುಪಾಸು ಮಾತ್ರ. ಅನ್ನವನ್ನು ಬಿಟ್ಟು ಬರೀ ಸೊಪ್ಪು ತರಕಾರಿಯಿಂದ ಹೊಟ್ಟೆ ತುಂಬಿಸಿಕೊಂಡು ಬಸ್ಕಿಗೆ ನಿಂತರೆ ಕಾಲು ನಡುಗುವುದರಲ್ಲಿ ಅಚ್ಚರಿಯಿಲ್ಲ.

5.3 ಪ್ರೋಟೀನ್. ಪ್ರತಿ ಕಿಲೊಗೆ ದಿನಕ್ಕೆ 1.6 ಗ್ರಾಂ ಆಸುಪಾಸು ಇದ್ದರೆ ಸಾಕು, 65 ಕಿಲೊಗೆ ಸುಮಾರು 105 ಗ್ರಾಂ. ಮೂರು ನಾಲ್ಕು ಊಟಗಳಿಗೆ ಹಂಚಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಮಿಲಿಲೀಟರ್ ಹಾಲಿನಲ್ಲಿ 3 ಗ್ರಾಂಗಿಂತ ಸ್ವಲ್ಪ ಹೆಚ್ಚು, 100 ಗ್ರಾಂ ಬೆಂದ ಕಾಳಿನಲ್ಲಿ 7ರಿಂದ 9 ಗ್ರಾಂ ಇರುತ್ತದೆ. ಊಟದಿಂದ ತಲುಪಲಾಗದಿದ್ದರೆ ಪುಡಿ ಬಳಸಿ, ಆದರೆ ಊಟದ ಬದಲಿಗೆ ಅಲ್ಲ. ಪ್ರೋಟೀನ್ ಹೆಚ್ಚಿಸಿದ್ದರಿಂದಲೇ ಸುಸ್ತು ಹೋಗುತ್ತದೆಂದು ನಿರೀಕ್ಷಿಸಬೇಡಿ. ಅದು ದುರಸ್ತಿಯ ಸಾಮಗ್ರಿ, ಓಡಿಸುವ ಇಂಧನವಲ್ಲ.

5.4 ಹೊತ್ತು. ಪೂರ್ತಿ ಊಟವಾದ ಎರಡು ಮೂರು ಗಂಟೆಗೆ ವ್ಯಾಯಾಮ ಮಾಡಿ. ಅಷ್ಟು ಬಿಡುವಿಲ್ಲದಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಬಾಳೆಹಣ್ಣಿನಂಥ ಹಗುರವಾದದ್ದನ್ನು ತಿನ್ನಿ. ಬೆಳಗಿನ ಜಾವ ಹೋಗುವವರಿಗೆ ಹಿಂದಿನ ರಾತ್ರಿಯ ಊಟವೇ ಇಂಧನ, ಅದನ್ನು ಬಿಟ್ಟು ಮಲಗಬೇಡಿ. ಮುಗಿದ ಮೇಲೆ ಎರಡು ಗಂಟೆಯೊಳಗೆ ಊಟವಿರಲಿ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದವರು ಇನ್ನೂ ಬೇಗ ತಿನ್ನಬೇಕು.

5.5 ನೀರು. ವ್ಯಾಯಾಮದ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು, ತೂಕ ನೋಡಿ. ಕಳೆದ ಪ್ರತಿ ಕಿಲೊ ಹೆಚ್ಚುಕಡಿಮೆ ಒಂದು ಲೀಟರ್ ನೀರು. ನಷ್ಟ ದೇಹತೂಕದ ಶೇಕಡಾ 2 ದಾಟಿದರೆ ಶಕ್ತಿ ಕುಗ್ಗುತ್ತದೆ. ತೂಕ ಹೆಚ್ಚಾಗಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ಬಹಳ ಹೊತ್ತು ಬೆವರಿ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದಾಗ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದು. ತಲೆನೋವು, ವಾಂತಿ, ಗೊಂದಲ ಒಟ್ಟಿಗೆ ಬಂದರೆ ಮತ್ತೆ ನೀರು ಕುಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರ ತಿಳಿಹಳದಿ ಇದ್ದರೆ ನೀರು ಸರಿಯಾಗಿದೆ. ಬಿ ವಿಟಮಿನ್ ಮಾತ್ರೆ ನುಂಗುವವರಿಗೆ ಮಾತ್ರ ಈ ಬಣ್ಣದ ಗುರುತು ನಡೆಯದು, ಆ ಮಾತ್ರೆಯೇ ಮೂತ್ರವನ್ನು ಗಾಢ ಹಳದಿ ಮಾಡುತ್ತದೆ.

## ಹಂತ 6: ನಿದ್ದೆಯನ್ನು ಸರಿಪಡಿಸಿ

ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಕಠಿಣ ವ್ಯಾಯಾಮ ಮಾಡುವವರಲ್ಲಿ ಹಲವರಿಗೆ 8 ಗಂಟೆಯೂ ಬೇಕಾಗುತ್ತದೆ. ಇದು ನಿದ್ದೆ ಮಾಡಿದ ಹೊತ್ತು, ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಕಳೆದ ಹೊತ್ತು ಲೆಕ್ಕಕ್ಕಿಲ್ಲ.

ಮೊದಲು ಏಳುವ ಹೊತ್ತನ್ನು ನಿಗದಿ ಮಾಡಿ, ರಜಾದಿನವೂ ಅದೇ ಹೊತ್ತು. ನಂತರ ಮಲಗುವ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತನ್ನಿ. ಒಂದೇ ರಾತ್ರಿ ಎರಡು ಗಂಟೆ ಮೊದಲು ಮಲಗಿದವರು ಸೂರು ನೋಡುತ್ತಾ ಹೊರಳಾಡುತ್ತಾರೆ, ‘ನನಗೆ ನಿದ್ದೆಯೇ ಬರುವುದಿಲ್ಲ’ ಎಂದು ಕೈಚೆಲ್ಲುತ್ತಾರೆ.

ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ 6ಕ್ಕೆ ಕುಡಿದದ್ದರ ಅರ್ಧ ರಾತ್ರಿ 11ಕ್ಕೂ ಒಳಗೇ ಇರುತ್ತದೆ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳಲ್ಲಿ ಒಂದು ಸಲಕ್ಕೆ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುವುದು ಸಾಮಾನ್ಯ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200. ಈ ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತ: ದಣಿವನ್ನು ಅವು ಕಳೆಯುವುದಿಲ್ಲ, ದಣಿವಿನ ಸೂಚನೆಯನ್ನು ಮುಚ್ಚುತ್ತವೆ. ಸಂಜೆ ಕುಡಿದು, ರಾತ್ರಿ ನಿದ್ದೆಗೆಟ್ಟು, ಮರುದಿನ ಇನ್ನೊಂದು ಚಮಚ ಹೆಚ್ಚು ಹಾಕಿಕೊಳ್ಳುವ ಸುಳಿಯಿಂದ ಹೊರಬರದೆ ಈ ಹಂತ ಮುಗಿಯುವುದಿಲ್ಲ. ಆದರೆ ಒಂದೇ ದಿನ ನಿಲ್ಲಿಸಬೇಡಿ, ತಲೆನೋವು ಮತ್ತು ಮಂಕು ಕೆಲವು ದಿನ ಕಾಡಿ ನಿಮ್ಮ ದಾಖಲೆಯನ್ನೇ ಕೆಡಿಸುತ್ತವೆ. ಒಂದೆರಡು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿ.

ಮಲಗುವ ಒಂದು ಗಂಟೆಯೊಳಗೆ ಕಠಿಣ ವ್ಯಾಯಾಮ ಮುಗಿಸುವವರು ಅದನ್ನು ಮುಂಚಿನ ಹೊತ್ತಿಗೆ ಸರಿಸಿ ನೋಡಿ. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೆಯ ಅರ್ಧವನ್ನು ಕೆಡಿಸುತ್ತದೆ. ಏಳೆಂಟು ಗಂಟೆ ಮಲಗಿಯೂ ತಲೆ ಭಾರವಿದ್ದು, ಜೋರಾಗಿ ಗೊರಕೆ ಹೊಡೆಯುತ್ತೀರಿ, ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ. ಮೈ ದಪ್ಪವಿರುವವರಿಗೆ ಮಾತ್ರ ಅದು ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ.

ರಾತ್ರಿ ಐದು ಗಂಟೆಯೂ ನಿದ್ದೆಯಾಗಿಲ್ಲ, ಬೆಳಿಗ್ಗೆ ಜಿಮ್‌ಗೆ ಹೋಗಬೇಕೇ ಎಂದು ಕೇಳಿದರೆ, ಬೇಡ, ಮಲಗಿ.

## ಹಂತ 7: ವೇಳಾಪಟ್ಟಿಯನ್ನು ತಳದಿಂದ ಕಟ್ಟಿ

ಹಳೆಯ ವೇಳಾಪಟ್ಟಿಗೆ ಮರಳಿದರೆ ಹಳೆಯ ಸುಸ್ತಿಗೂ ಮರಳುತ್ತೀರಿ. ಮೊದಲ ನಾಲ್ಕು ವಾರಕ್ಕೆ ಹೀಗೆ ಇಟ್ಟುಕೊಳ್ಳಿ.

1. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಪ್ರತಿಸಲ ಇಡೀ ದೇಹಕ್ಕೆ ವ್ಯಾಯಾಮ, 45ರಿಂದ 60 ನಿಮಿಷ.
2. ಒಂದು ಸ್ನಾಯು ಗುಂಪಿಗೆ ವಾರಕ್ಕೆ ಒಟ್ಟು 6ರಿಂದ 10 ಸೆಟ್. ಒಂದೇ ದಿನ ಎದೆಗೆ ಇಪ್ಪತ್ತು ಸೆಟ್ ಮಾಡುವ ರೂಢಿ ಬಿಡಿ.
3. ಇನ್ನೂ ಎರಡು ಮೂರು ಸಲ ಎತ್ತಬಹುದು ಎನ್ನುವಾಗ ಸೆಟ್ ನಿಲ್ಲಿಸಿ.
4. ಬಸ್ಕಿ, ಡೆಡ್‌ಲಿಫ್ಟ್‌ನಂಥ ದೊಡ್ಡ ವ್ಯಾಯಾಮಗಳ ಸೆಟ್‌ಗಳ ನಡುವೆ 2ರಿಂದ 3 ನಿಮಿಷ ಕುಳಿತುಕೊಳ್ಳಿ.

ಮೂರನೆಯದನ್ನು ಒಪ್ಪಲು ಹಲವರಿಗೆ ಕಷ್ಟ. ಕೈ ಸೋತು ಬೀಳುವವರೆಗೆ ಮಾಡಿದರೆ ಮಾತ್ರ ಫಲ ಎಂದು ಟ್ರೈನರ್‌ಗಳೇ ಹೇಳುವುದುಂಟು. ಕೊನೆಯ ಆ ಒಂದೆರಡು ಎತ್ತುವಿಕೆಗಳಿಂದ ಸಿಗುವ ಲಾಭ ಸಣ್ಣದು, ಅವು ತರುವ ದಣಿವು ದೊಡ್ಡದು. ಪ್ರತಿ ಸೆಟ್ಟನ್ನೂ ಹಾಗೆ ಮುಗಿಸುವವರು ಮುಂದಿನ ವ್ಯಾಯಾಮದ ಚೇತರಿಕೆಯನ್ನು ಇಂದೇ ಖರ್ಚು ಮಾಡುತ್ತಿದ್ದಾರೆ.

ಓಟ, ಸೈಕಲ್‌ಗೆ ಅಳತೆಗೋಲು ಮಾತು. ಪೂರ್ತಿ ವಾಕ್ಯ ಆಡುತ್ತಾ ಮಾಡಬಹುದಾದ ವೇಗದಲ್ಲಿಯೇ ಹೆಚ್ಚಿನ ಭಾಗ ನಡೆಯಲಿ. ಉಸಿರು ಕಟ್ಟಿಸುವ ಇಂಟರ್ವಲ್ ವಾರಕ್ಕೆ ಒಂದು ಸಲ, ಅದೂ ಕಾಲಿಗೆ ಭಾರ ಎತ್ತಿದ ಮಾರನೆಯ ದಿನ ಬೇಡ. ಆರಂಭದಲ್ಲಿ 5ರಿಂದ 10 ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಿ, ಕೊನೆಯಲ್ಲಿ 5 ನಿಮಿಷ ನಿಧಾನವಾಗಿ ನಡೆಯಿರಿ. ಟ್ರೆಡ್‌ಮಿಲ್‌ನಿಂದ ಥಟ್ಟನೆ ಇಳಿದು ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ, ಎಷ್ಟೋ ಜನ ಅದನ್ನೇ ನಿಶ್ಶಕ್ತಿ ಎಂದು ತಿಳಿಯುತ್ತಾರೆ.

ಹೆಚ್ಚಿಸುವಾಗ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ: ಭಾರ ಅಥವಾ ಸೆಟ್ ಅಥವಾ ದಿನ. ಗುರಿಯ ಸಂಖ್ಯೆಯನ್ನು ಎರಡು ದಿನ ಸತತವಾಗಿ, ಶಕ್ತಿ ಉಳಿದಿರುವಂತೆ ಮುಟ್ಟಿದ ಮೇಲೆ ಭಾರ ಏರಿಸಿ, ಅದೂ ಜಿಮ್‌ನಲ್ಲಿರುವ ಅತಿ ಚಿಕ್ಕ ಪ್ಲೇಟ್‌ನಷ್ಟು. ಹಂತ 2ರ ವಾರದ ಹೊರೆಯ ಅಂಕವನ್ನು ಪ್ರತಿ ವಾರ ಕೂಡಿಸಿ. ಅದು ಹಠಾತ್ತನೆ ಜಿಗಿದ ವಾರದ ನಂತರವೇ ಸುಸ್ತು ಮರಳುವುದನ್ನು ನೀವೇ ಕಾಣುತ್ತೀರಿ. ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಹಂತ 4ರ ಹಗುರ ವಾರವನ್ನು, ಸುಸ್ತಿಲ್ಲದಿದ್ದರೂ, ಮಾಡಿ.

ಬೆಳಗಿನ ನಿರ್ಧಾರ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾಡಿ ಎಂದಿಗಿಂತ 7 ಬಡಿತಕ್ಕೂ ಹೆಚ್ಚಿದೆಯೇ? ನಿದ್ದೆ 6 ಗಂಟೆಗಿಂತ ಕಡಿಮೆಯೇ? ಹುಮ್ಮಸ್ಸು 2 ಅಥವಾ ಅದಕ್ಕಿಂತ ಕೆಳಗೇ? ಮೊನ್ನೆಯ ನೋವು ಇಳಿಯದೆ ಹಾಗೆಯೇ ಇದೆಯೇ? ಒಂದಕ್ಕೆ ಹೌದು ಎಂದಾದರೆ ಮೈ ಬೆಚ್ಚಗಾದ ಮೇಲೆ ನಿರ್ಧರಿಸಿ. ಎರಡಕ್ಕಾದರೆ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಮೂರಕ್ಕಾದರೆ ಆ ದಿನ ನಡಿಗೆ ಸಾಕು. ಈ ಗಡಿಗಳು ನಾನು ಹಾಕಿಕೊಟ್ಟವು, ಕೆಲವು ವಾರ ಬರೆದ ಮೇಲೆ ನಿಮ್ಮ ಮೈಗೆ ಹೊಂದುವಂತೆ ತಿದ್ದಿಕೊಳ್ಳಿ.

## ಹಂತ 8: ಇಷ್ಟಾದರೂ ಸುಧಾರಿಸದಿದ್ದರೆ ರಕ್ತಪರೀಕ್ಷೆ

ಆರು ವಾರ ಪ್ರಾಮಾಣಿಕವಾಗಿ ಮಾಡಿಯೂ ಸುಸ್ತು ಕದಲದಿದ್ದರೆ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ. ‘ಸುಸ್ತಾಗುತ್ತದೆ ಡಾಕ್ಟರೇ’ ಎಂಬ ಮಾತಿಗಿಂತ ಆರು ವಾರದ ನಾಡಿ, ತೂಕ, ನಿದ್ದೆಯ ಪುಟಗಳು ಅವರಿಗೆ ಹೆಚ್ಚು ಹೇಳುತ್ತವೆ. ಸಾಮಾನ್ಯವಾಗಿ ನೋಡುವುದು ರಕ್ತಕಣಗಳ ಪೂರ್ಣ ಎಣಿಕೆ, ಫೆರಿಟಿನ್, ವಿಟಮಿನ್ ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ರಕ್ತದ ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಬೇಕಿದ್ದರೆ ವಿಟಮಿನ್ ಡಿ.

ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸಮಾಧಾನಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರಲ್ಲಿ ಡೆಸಿಲೀಟರ್‌ಗೆ 13 ಗ್ರಾಂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣದ ಸಂಗ್ರಹ ಬರಿದಾಗಿರುತ್ತದೆ, ಅದನ್ನು ತೋರಿಸುವುದು ಫೆರಿಟಿನ್. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಆದ್ದರಿಂದ ನೆಗಡಿ ಜ್ವರದ ನಡುವೆ ಈ ಪರೀಕ್ಷೆ ಬೇಡ. ಸಸ್ಯಾಹಾರಿಗಳು, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ಪರೀಕ್ಷೆಯನ್ನು ತಪ್ಪಿಸಬಾರದು.

ರಕ್ತ ಕೊಡುವ ಮೊದಲು ಎರಡು ಎಚ್ಚರ. ಭಾರ ಎತ್ತಿದ ಮೇಲೆ ಸ್ನಾಯುವಿನಿಂದ ಹೊರಬರುವ ಕಿಣ್ವಗಳು ಕೆಲವು ದಿನ ರಕ್ತದಲ್ಲಿ ಹೆಚ್ಚಾಗಿಯೇ ಇರುತ್ತವೆ. ಅವುಗಳಲ್ಲಿ ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಕೂಡ ಸೇರಿವೆ. ವಿಷಯ ತಿಳಿಯದೆ ವರದಿ ನೋಡಿದವರು ಯಕೃತ್ತಿಗೇ ಏನೋ ಆಗಿದೆಯೆಂದು ಹೆದರುತ್ತಾರೆ. ಆದ್ದರಿಂದ ಒಂದು ವಾರ ಕಠಿಣ ವ್ಯಾಯಾಮ ಬಿಟ್ಟು ರಕ್ತ ಕೊಡಿ, ಜಿಮ್‌ಗೆ ಹೋಗುವ ವಿಷಯವನ್ನು ವೈದ್ಯರಿಗೆ ಹೇಳಿ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರೇ ತಿಳಿಸುತ್ತಾರೆ.

ಪರೀಕ್ಷೆಗೆ ಮೊದಲೇ ಕಬ್ಬಿಣದ ಮಾತ್ರೆ ನುಂಗಬೇಡಿ. ಕೊರತೆಯಿಲ್ಲದವರಲ್ಲಿ ಅದು ಸಂಗ್ರಹವಾಗಿ ಹಾನಿ ಮಾಡಬಹುದು, ಕೊರತೆ ಇದ್ದವರಲ್ಲಿ ಅದರ ಮೂಲಕಾರಣವಾದ ರಕ್ತಸ್ರಾವವನ್ನು ಮರೆಮಾಡಬಹುದು. ಕೊರತೆ ಖಚಿತವಾಗಿ ವೈದ್ಯರು ಮಾತ್ರೆ ಬರೆದುಕೊಟ್ಟರೆ ಕಾಫಿ, ಚಹಾ, ಹಾಲಿನೊಂದಿಗೆ ತೆಗೆದುಕೊಳ್ಳದೆ ಕನಿಷ್ಠ ಒಂದು ಗಂಟೆ ಅಂತರ ಇಡಿ. ಕೆಲವು ವಾರಗಳಲ್ಲಿ ಹಿಮೋಗ್ಲೋಬಿನ್ ಏರತೊಡಗುತ್ತದೆ, ಆದರೆ ಸಂಗ್ರಹ ತುಂಬಲು ತಿಂಗಳುಗಳೇ ಬೇಕು. ಮೈ ಹಗುರವಾಯಿತೆಂದು ಮಾತ್ರೆಯನ್ನು ನಡುವೆ ಬಿಡಬೇಡಿ. ಅಲ್ಲಿಯವರೆಗೆ ಹಂತ 4ರ ಹಗುರ ವ್ಯಾಯಾಮ ಮತ್ತು ನಡಿಗೆ ಮುಂದುವರಿಸಿ, ಮರುಪರೀಕ್ಷೆಯ ವರದಿ ಬಂದ ಮೇಲೆ ಹಂತ 7ಕ್ಕೆ ಹೋಗಿ.